ಹುಳುಮನೆಯ ಇಂಗ್ಲಿಷ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಜಾಗ ಜಾಸ್ತಿ. ನಗಬೇಡಿ, ನಿಜವಾಗಿ ಹಾಗೇ ಇತ್ತು. ಜಂಗಮಕೋಟೆಯಿಂದ ಸ್ವಲ್ಪ ಒಳಗೆ ನಮ್ಮೂರು. ಮನೆಯ ದೊಡ್ಡ ಕೋಣೆ ರೇಷ್ಮೆ ಹುಳುಗಳದ್ದು. ಗೋಡೆಯುದ್ದಕ್ಕೂ ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ತಟ್ಟೆಯ ತುಂಬ ಹುಳು, ಹುಳುವಿನ ಮೇಲೆ ಹಿಪ್ಪುನೇರಳೆ ಸೊಪ್ಪು. ಅಪ್ಪ, ಅಮ್ಮ, ಅಕ್ಕ, ನಾನು ಎಲ್ಲರೂ ಅಡುಗೆಮನೆಗೂ ಪಡಸಾಲೆಗೂ ನಡುವಿನ ಸಂದಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ನಿಮಗೆ ಈಗ ಒಬ್ಬೊಬ್ಬರಿಗೂ ಒಂದೊಂದು ರೂಮು ಬೇಕು, ಅದಕ್ಕೊಂದು ಚಿಲಕವೂ ಬೇಕು!

ಹುಳು ಸೊಪ್ಪು ಮೇಯುವ ಸದ್ದನ್ನು ನೀವು ಕೇಳಿಲ್ಲ. ಗಂಜಿ ಹಾಕಿದ ಹೊಸ ಸೀರೆಯ ಮಡಿಕೆಯನ್ನು ಯಾರೋ ಬಿಚ್ಚುತ್ತಲೇ ಇದ್ದಾರೆ ಅನ್ನಿಸುತ್ತದೆ. ಆ ಸದ್ದಿನಲ್ಲೇ ನಮ್ಮ ಊಟ, ಆ ಸದ್ದಿನಲ್ಲೇ ನಿದ್ದೆ. ಹಸಿ ಸೊಪ್ಪಿನ ವಾಸನೆ, ಹುಳುವಿನ ಹಿಕ್ಕೆಯ ವಾಸನೆ, ಅಪ್ಪ ತಟ್ಟೆಗೆ ಉದುರಿಸುತ್ತಿದ್ದ ಸುಣ್ಣದ ಪುಡಿಯ ವಾಸನೆ, ಮೂರೂ ಸೇರಿ ನಮ್ಮ ಬಟ್ಟೆಗೆ ಅಂಟಿಕೊಂಡಿರುತ್ತಿದ್ದವು. ಸ್ಕೂಲಿನಲ್ಲಿ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಎಲ್ಲರ ಮನೆಯ ವಾಸನೆಯೂ ಅದೇ ಆಗಿತ್ತು.

ಹುಳು ಮನೆಯಲ್ಲಿರುವಷ್ಟು ದಿನ ಅಮ್ಮನದೇ ಕಾನೂನು. ಕಾಲು ತೊಳೆಯದೆ ಕೋಣೆಗೆ ಕಾಲಿಡುವ ಹಾಗಿಲ್ಲ. ಒಗ್ಗರಣೆಯ ಘಾಟು ಏಳುವ ಹಾಗಿಲ್ಲ. ತಲೆಗೆ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ. ಹೊರಗಿನವರು ಎಷ್ಟೇ ಬೇಕಾದವರಾದರೂ ಹೊಸ್ತಿಲು ದಾಟುವಂತಿಲ್ಲ. ಅಮ್ಮನ ಸ್ವಂತ ತಮ್ಮ ಬಂದರೂ ಜಗಲಿಯ ಮೇಲೆ ಕೂತು ನೀರು ಕುಡಿದು ಹಾಗೇ ವಾಪಸ್ಸು ಹೋಗಬೇಕಿತ್ತು. ಅಮ್ಮನ ತವರು ಚಿಂತಾಮಣಿಯ ಆಚೆ. ನಮ್ಮ ಹತ್ತಿರ ಕನ್ನಡ ಮಾತಾಡುವಳು, ಸಿಟ್ಟೋ ಸಂಕಟವೋ ಹೆಚ್ಚಾದರೆ ತೆಲುಗಿಗೆ ಹೋಗಿಬಿಡುವಳು. ಅಮ್ಮ ಕೆಟ್ಟವಳಲ್ಲ, ಮಕ್ಕಳೇ. ಈ ಕಥೆ ಕೇಳುವಾಗ ನಿಮಗೆ ಅವಳ ಮೇಲೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು, ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಹೇಳಿಬಿಡುತ್ತೇನೆ, ಅವಳು ಕೆಟ್ಟವಳಲ್ಲ.

ಅಕ್ಕ ನನಗಿಂತ ತುಂಬಾ ದೊಡ್ಡವಳು. ಬೇಸಗೆಯಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು, ಎಲ್ಲಾ ವಿಷಯದಲ್ಲೂ ಪಾಸಾಗಿ, ಇಂಗ್ಲಿಷಿನಲ್ಲಿ ಮಾತ್ರ ಡುಮ್ಕಿ ಹೊಡೆದಿದ್ದಳು. ಲೆಕ್ಕದಲ್ಲಿ ಇಡೀ ಸ್ಕೂಲಿಗೆ ಅವಳೇ ಮೊದಲು. ಏನು ಬಂತು? ಒಂದು ವಿಷಯ ಹೋದರೆ ಎಲ್ಲವೂ ಹೋದಂತೆಯೇ. ಅವಳಿಗೆ ಟೀಚರ್ ಆಗುವ ಆಸೆ. ಎಂಥ ಆಸೆ ಅಂತೀರಿ! ಸೊಪ್ಪು ಕತ್ತರಿಸುವಾಗ ನನ್ನನ್ನು ಎದುರಿಗೆ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು, ತಪ್ಪಿದರೆ ಸೊಪ್ಪಿನ ಕಡ್ಡಿಯಲ್ಲೇ ಒಂದು ಏಟು. ಟೀಚರ್ ಟ್ರೈನಿಂಗಿಗೆ ಸೇರಬೇಕಾದರೆ ಮೊದಲು ಆ ಇಂಗ್ಲಿಷನ್ನು ದಾಟಬೇಕಿತ್ತು. ಡುಮ್ಕಿ ಹೊಡೆದವರಿಗೆಂದೇ ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ ಇರುತ್ತಿತ್ತು.

ಅಪ್ಪ ಒಂದು ದಿನ ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದರು. "ಈ ಸಲ ಪಾಸಾದ್ರೆ ಓದಮ್ಮ, ಯಾರೂ ಅಡ್ಡ ಬರಲ್ಲ. ಆಗ್ಲಿಲ್ಲಾಂದ್ರೆ ಗೌರಿಬಿದನೂರಿನೋರು ಆಗ್ಲಿಂದ ಹೆಣ್ಣು ಕೇಳ್ತಾ ಅವ್ರೆ. ಅವ್ರಿಗೆ ಮಾತು ಕೊಟ್ಬಿಡ್ತೀನಿ."

ಅಕ್ಕ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡು ಕೂತಿದ್ದಳು. "ಆಯ್ತಪ್ಪ" ಅಂದಳು ಅಷ್ಟೆ.

ಅವಳ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ನಮ್ಮೂರಿಗೆ ಸೈಕಲ್ಲಿನಲ್ಲಿ ಬರಲು ಶುರುಮಾಡಿದ್ದು ಆಮೇಲೆ. ಬಿಳಿ ಕೂದಲು, ಬಗಲಲ್ಲಿ ಕೊಡೆ, ಮಾತಿಗೊಮ್ಮೆ ಕೆಮ್ಮು. ಲೆಕ್ಕದಲ್ಲಿ ಅಷ್ಟು ಚುರುಕಾದ ಹುಡುಗಿ ಇಂಗ್ಲಿಷಿನಿಂದ ಮನೆಯಲ್ಲಿ ಕೂತರೆ ತಮ್ಮ ಮರ್ಯಾದೆಗೇ ಕಡಿಮೆ ಎಂದು ಅವರಿಗೊಂದು ಹಟ. ಆದರೆ ಮನೆಯಲ್ಲಿ ಹುಳು ಇತ್ತಲ್ಲ! ಮೇಷ್ಟ್ರಾದರೇನು, ಸ್ವತಃ ಇನ್‌ಸ್ಪೆಕ್ಟರ್ ಬಂದರೇನು, ಅಮ್ಮ ಒಳಗೆ ಬಿಡುವವಳಲ್ಲ. ಹೀಗಾಗಿ ಪಾಠ ನಡೆದದ್ದು ಕಿಟಕಿಯಲ್ಲಿ. ಅಕ್ಕ ಸೊಪ್ಪಿನ ಬುಟ್ಟಿ ಹಿಡಿದು ಹುಳುಮನೆಯ ಕಿಟಕಿಯ ಒಳಗೆ. ಮೇಷ್ಟ್ರು ಹೊರಗೆ, ಬೀದಿಯಲ್ಲಿ, ಕೊಡೆಯ ಕೆಳಗೆ. ದನ ಕರುಗಳು ಅವರನ್ನು ಸವರಿಕೊಂಡೇ ಹೋಗುತ್ತಿದ್ದವು. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದು ನೋಡಿ ನಗುತ್ತಿದ್ದರು. ಅವರು ಯಾರನ್ನೂ ಲೆಕ್ಕಕ್ಕೆ ಇಡದೆ ಕಂಬಿಯ ಹತ್ತಿರ ಬಾಯಿಟ್ಟು ಇಂಗ್ಲಿಷ್ ಕೂಗುತ್ತಿದ್ದರು.

ಅಕ್ಕನ ಕಷ್ಟ ಏನು ಗೊತ್ತೇ? ಪ್ರಶ್ನೆಪತ್ರಿಕೆಯಲ್ಲಿ ಒಂದು ವಾಕ್ಯ ಕೊಟ್ಟು, ನಡುವೆ ಜಾಗ ಬಿಟ್ಟು, ಪಕ್ಕದಲ್ಲಿ ಒಂದೇ ಕ್ರಿಯಾಪದದ ಎರಡು ಮೂರು ರೂಪ ಕೊಡುತ್ತಿದ್ದರು. ಈಟ್, ಏಟ್, ಈಟನ್. ಗೋ, ವೆಂಟ್, ಗಾನ್. ಸರಿಯಾದದ್ದನ್ನು ಆರಿಸಬೇಕು. ಅಕ್ಕನಿಗೆ ಆ ಪಟ್ಟಿ ಪೂರ್ತಿ ಬಾಯಿಪಾಠ. ದೇವರ ಮುಂದೆ ಮಂತ್ರ ಹೇಳಿದ ಹಾಗೆ ಒಂದೇ ಉಸಿರಿಗೆ ಹೇಳುತ್ತಿದ್ದಳು. ಯಾವುದನ್ನು ಎಲ್ಲಿ ಇಡಬೇಕು ಅಂದರೆ ಮಾತ್ರ ಕಣ್ಣು ಕತ್ತಲೆ. "ಎಲ್ಲಾ ಒಂದೇ ಥರ ಕಾಣುತ್ವೆ ಸಾರ್. ಯಾವುದು ಹಾಕಿದ್ರೂ ಸರಿ ಅನ್ಸುತ್ತೆ. ಆಮೇಲೆ ಎಲ್ಲಾ ತಪ್ಪು ಅನ್ಸುತ್ತೆ" ಎಂದು ಕಿಟಕಿಯ ಕಂಬಿಗೆ ಹಣೆ ಆನಿಸಿ ನಿಲ್ಲುತ್ತಿದ್ದಳು.

ಒಂದು ಸಂಜೆ ಮೇಷ್ಟ್ರು ಕೆಮ್ಮು ಬಂದು ಪಾಠ ನಿಲ್ಲಿಸಿದರು. ಅಕ್ಕ ಅಷ್ಟರಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕತೊಡಗಿದಳು. ಅವರು ಕಿಟಕಿಯಿಂದಲೇ ನೋಡುತ್ತಾ ನೋಡುತ್ತಾ ಕೇಳಿದರು. "ಆ ಮೇಲಿನ ತಟ್ಟೇಲಿ ಏನ್ ನಡೀತಾ ಇದೆಯಮ್ಮ?"

"ಹುಳ ತಿಂತಾ ಇದೆ ಸಾರ್."

"ಅದರ ಕೆಳಗಿನದು?"

"ತಿಂದಾಯ್ತು. ಬರೀ ಕಡ್ಡಿ ಉಳಿದಿದೆ."

"ನಿನ್ನೆ?"

"ನಿನ್ನೆ ಚೆನ್ನಾಗಿ ತಿಂತು ಸಾರ್, ಬಿಸಿಲಿತ್ತು."

"ಅಷ್ಟೇ ಕಣಮ್ಮ ಇಂಗ್ಲಿಷು! ನಿನಗೆ ಗೊತ್ತಿರೋದನ್ನೇ ಕೇಳ್ತಾರೆ. ತಟ್ಟೆ ನೋಡು, ಆಮೇಲೆ ಹೇಳು" ಅಂದರು ಮೇಷ್ಟ್ರು. ಆ ಕಡೆ ಮೇಯುತ್ತಿರುವ ಹುಳುವಿಗೆ ಒಂದು ರೂಪ, ಈಗಷ್ಟೇ ಮೇದು ಮುಗಿಸಿದ್ದಕ್ಕೆ ಒಂದು, ನಿನ್ನೆ ಮೇದದ್ದಕ್ಕೆ ಇನ್ನೊಂದು. ಒಂದು ಹುಳುವಾದರೆ ಹ್ಯಾಸ್, ತಟ್ಟೆಯ ತುಂಬ ಇದ್ದರೆ ಹ್ಯಾವ್. ಅಕ್ಕ ಬುಟ್ಟಿ ಕೆಳಗಿಟ್ಟು ಒಂದೊಂದೇ ತಟ್ಟೆಯ ಮುಂದೆ ನಿಂತು ಹೇಳುತ್ತಾ ಹೋದಳು. ಅವಳ ಮುಖ ಅವತ್ತು ಅರಳಿದ ಹಾಗೆ ಇನ್ಯಾವತ್ತೂ ಅರಳಿದ್ದನ್ನು ನಾನು ಕಾಣೆ. ಅವಳ ಮದುವೆಯಲ್ಲೂ ಕಾಣಲಿಲ್ಲ.

ಆಮೇಲಿಂದ ಅವಳನ್ನು ಹಿಡಿಯುವವರೇ ಇಲ್ಲ. ಮೇಷ್ಟ್ರು ಸ್ಕೂಲಿನಿಂದ ಸೀಮೆಸುಣ್ಣದ ತುಂಡುಗಳನ್ನು ತಂದು ಕಂಬಿಯ ಸಂದಿಯಿಂದ ಕೊಡುತ್ತಿದ್ದರು. ಹುಳುಮನೆಯ ಬಾಗಿಲು ಹೊಗೆ ಕುಡಿದು ಕರ್ರಗಿತ್ತು, ಅದೇ ಅವಳ ಬೋರ್ಡು. ಸೊಪ್ಪು ಹಾಕಿ ಬರುವಳು, ಒಂದು ವಾಕ್ಯ ಬರೆಯುವಳು, ಮತ್ತೆ ಸೊಪ್ಪಿಗೆ ಹೋಗುವಳು. ನನ್ನನ್ನು ನೆಲದ ಮೇಲೆ ಕೂರಿಸಿ, ಕಡ್ಡಿಯಲ್ಲಿ ಬಾಗಿಲು ತೋರಿಸಿ, "ಹೇಳೇ, ಇಲ್ಲಿ ಏಟ್ ಬರುತ್ತೋ ಈಟನ್ ಬರುತ್ತೋ?" ಎಂದು ಕೇಳುವಳು. ನನಗೆ ಎರಡೂ ಗೊತ್ತಿರಲಿಲ್ಲ. ಏನೋ ಒಂದು ಹೇಳುತ್ತಿದ್ದೆ. ಅವಳು ಮೇಷ್ಟ್ರ ಹಾಗೆಯೇ ಕೆಮ್ಮಿ, "ತಟ್ಟೆ ನೋಡಮ್ಮ" ಅನ್ನುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅಮ್ಮ ಅಡುಗೆಮನೆಯಿಂದ ಗೊಣಗುತ್ತಿದ್ದಳು. "ಹುಳದ ಮನೇಲಿ ಏನೇ ಅದು ಪುಡಿ? ಹೊರಗಿನ ಸಾಮಾನು ಒಳಗೆ ತರಬ್ಯಾಡ ಅಂತ ಎಷ್ಟು ಸಲ ಬಡ್ಕಳ್ಳಿ?" ಅಪ್ಪ "ಇರ್ಲಿ ಬಿಡೇ, ಪರೀಕ್ಷೆ ಮುಗಿಯೋ ಗಂಟ" ಅನ್ನುತ್ತಿದ್ದರು.

ಪರೀಕ್ಷೆ ಹತ್ತಿರ ಬಂತು. ಜೊತೆಗೆ ಜಡಿಮಳೆಯೂ ಹಿಡಿಯಿತು. ಹಗಲೆಲ್ಲ ಮೋಡ, ತಣ್ಣನೆ ಗಾಳಿ, ಗೋಡೆಯೆಲ್ಲ ತೇವ. ಹುಳುಗಳು ಆಗ ಕೊನೆಯ ಜ್ವರದಿಂದ ಎದ್ದಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಎದ್ದ ಮೇಲೆ ಅವುಗಳ ಹಸಿವು ರಾಕ್ಷಸರ ಹಸಿವು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಒಣ ಸೊಪ್ಪು ಎಲ್ಲಿಂದ ತರುವುದು? ನೆನೆದ ಸೊಪ್ಪನ್ನೇ ತಂದು, ಪಡಸಾಲೆಯಲ್ಲಿ ಹರಡಿ, ಹಳೇ ಪಂಚೆಯಲ್ಲಿ ಒರೆಸಿ ಒರೆಸಿ ಹಾಕುತ್ತಿದ್ದೆವು. ನನ್ನ ಬೆರಳುಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು. ತೇವ ಹೀರಲೆಂದು ಅಪ್ಪ ಸುಣ್ಣದ ಪುಡಿಯನ್ನು ದಿನದಿನಕ್ಕೆ ಜಾಸ್ತಿ ಉದುರಿಸತೊಡಗಿದರು. ಪರೀಕ್ಷೆಯ ಹಿಂದಿನ ದಿನ ಕೆಳಗಿನ ತಟ್ಟೆಗಳಲ್ಲಿ ಕೆಲವು ಹುಳು ಮಂಕಾಗಿ ಬಿದ್ದಿದ್ದವು. ಅಮ್ಮ ಅವನ್ನು ಆರಿಸಿ ಎಸೆದಳು.

ಪರೀಕ್ಷೆಯ ದಿನ ಅಕ್ಕ ಎಲ್ಲರಿಗಿಂತ ಮೊದಲೇ ಎದ್ದು ಸ್ನಾನ ಮಾಡಿದ್ದಳು. ಹಸಿರು ಲಂಗ, ಬಿಳಿ ದಾವಣಿ. ಎರಡು ಜಡೆ ಬಿಗಿಯಾಗಿ ಹೆಣೆದಿದ್ದಳು. ಹಾಲ್ ಟಿಕೆಟ್ಟನ್ನು ಮಳೆಗೆ ನೆನೆಯದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಪೆನ್ನಿಗೆ ಇಂಕು ತುಂಬಿ, ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳು. ಪರೀಕ್ಷೆ ಶಿಡ್ಲಘಟ್ಟದಲ್ಲಿ. ಬೆಳಗಿನ ಬಸ್ಸು ತಪ್ಪಿದರೆ ಆ ಹೊತ್ತಿಗೆ ಮುಟ್ಟುವ ಬೇರೆ ಬಸ್ಸಿಲ್ಲ. ಮೇಷ್ಟ್ರು ತಾವೇ ಬಂದು ಬಸ್ಸು ಹತ್ತಿಸುತ್ತೇನೆಂದಿದ್ದರು. ಅಕ್ಕ ಒಲೆಯ ಮುಂದೆ ಕೂತು ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿಯುತ್ತಿದ್ದಳು, ಕುಡಿಯುತ್ತಲೇ ತುಟಿ ಆಡಿಸುತ್ತಿದ್ದಳು. ಅವಳಿಗೆ ಭಯವಿರಲಿಲ್ಲ. ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು ಕೂಡ.

ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹುಳುಮನೆಯಿಂದ ಸದ್ದೇ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅಮ್ಮ ಒಳಗೆ ಹೋದಳು. ಆಮೇಲೆ ಕೂಗು. "ಅಯ್ಯೋ ದೇವುಡಾ! ಅಂತಾ ಪೋಯಿಂದಿ! ಎಲ್ಲಾ ಹೋಯ್ತು!"

ನಾವು ಓಡಿದೆವು. ಯಾವ ತಟ್ಟೆ ನೋಡಿದರೂ ಹುಳು ಸೆಟೆದು ಬಿದ್ದಿದ್ದವು. ಬೆರಳಿನಷ್ಟು ದಪ್ಪ, ಮೆತ್ತಗೆ ತಣ್ಣಗೆ ಇದ್ದ ಹುಳುಗಳು ಬೆಳ್ಳಗಾಗಿ, ಗಟ್ಟಿಯಾಗಿ, ಮುರಿದರೆ ಟಪ್ಪೆಂದು ಮುರಿಯುವ ಹಾಗೆ ಆಗಿದ್ದವು. ಅಲ್ಲೊಂದು ಇಲ್ಲೊಂದು ಜೀವ ಇದ್ದವು ತಲೆಯೆತ್ತಲಾರದೆ ಒದ್ದಾಡುತ್ತಿದ್ದವು. ಇದಕ್ಕೆ ಸುಣ್ಣಕಟ್ಟು ರೋಗ ಅನ್ನುತ್ತಾರೆ. ಶೀತಕ್ಕೂ ತೇವಕ್ಕೂ ಬೂಷ್ಟು ಹಿಡಿದು ಬರುವ ರೋಗ. ಸೊಪ್ಪಿನ ಮೇಲೆ ಇಷ್ಟು ದಿನ ನೀರು ಕೂತಿತ್ತು, ಗೋಡೆ ಬೆವರುತ್ತಿತ್ತು, ಬರದೆ ಏನು ಮಾಡೀತು? ಆದರೆ ಆ ಬೆಳಿಗ್ಗೆ ಅದನ್ನೆಲ್ಲ ಯೋಚಿಸುವ ತಲೆ ಯಾರಿಗಿತ್ತು!

ಅಮ್ಮನ ಕಣ್ಣು ತಟ್ಟೆಯಿಂದ ಬಾಗಿಲಿಗೆ ಹೋಯಿತು. ಕರೀ ಬಾಗಿಲಿನ ತುಂಬ ಬೆಳ್ಳಗೆ ಇಂಗ್ಲಿಷ್. ಬಾಗಿಲ ಬುಡದಲ್ಲಿ ಸೀಮೆಸುಣ್ಣದ ಪುಡಿ, ಒಂದೆರಡು ಮೋಟು ತುಂಡು. ಪಕ್ಕದಲ್ಲೇ ಕೆಳಗಿನ ತಟ್ಟೆ, ಅದರಲ್ಲಿ ಸತ್ತ ಹುಳು. ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

"ಇದೇ ಕಣೇ!" ಅಮ್ಮ ಅಕ್ಕನ ಕೈ ಹಿಡಿದು ಎಳೆದಳು. "ಇದೇ ಹತ್ತಿದ್ದು ಹುಳಕ್ಕೆ! ಈ ಕೈಯಲ್ಲಿ ಅದನ್ನ ಹಿಡ್ಕೊಂಡು ಇದೇ ಕೈಯಲ್ಲಿ ಸೊಪ್ಪು ಹಾಕಿದ್ಯಲ್ಲೇ! ನಿನ್ನ ಇಂಗ್ಲಿಷು ನಮ್ಮನೆ ಹುಳನೆಲ್ಲ ತಿಂದುಬಿಡ್ತಲ್ಲೇ!"

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಸ್ನಾನ ಮಾಡಿದ್ದ ಶುದ್ಧ ಬೆರಳುಗಳು. ಅವಳು ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳು ಅಮ್ಮನ ಮಾತನ್ನು ನಂಬಿಬಿಟ್ಟಳು, ಮಕ್ಕಳೇ. ಇದೇ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು. ಬರೀ ಬೈಗುಳ ಅಂದುಕೊಂಡಿದ್ದರೆ ಬೈಸಿಕೊಳ್ಳಬಹುದಿತ್ತು, ಎದುರು ಮಾತಾಡಬಹುದಿತ್ತು, ಅತ್ತು ಓಡಿ ಹೋಗಿ ಬಸ್ಸು ಹತ್ತಬಹುದಿತ್ತು. ಅಪ್ಪ ಬೊಗಸೆಗಟ್ಟಲೆ ಸುಣ್ಣದ ಪುಡಿ ಉದುರಿಸಿದ್ದನ್ನು ಅವಳೇ ನೋಡಿದ್ದಳಲ್ಲ! ಆ ಸುಣ್ಣ ಔಷಧಿ, ಇವಳ ಕೈಯ ಚೂರು ಸುಣ್ಣ ವಿಷ, ಇದು ಯಾವ ನ್ಯಾಯ? ಲೆಕ್ಕದಲ್ಲಿ ಮೊದಲು ಬಂದವಳಿಗೆ ಇಷ್ಟು ಹೊಳೆಯಲಿಲ್ಲವೇ? ಮನೆಯವರೆಲ್ಲ ಎದೆ ಬಡಿದುಕೊಂಡು ಅಳುವಾಗ ಯಾವ ಲೆಕ್ಕವೂ ಹೊಳೆಯುವುದಿಲ್ಲ ಅಂತ ಕಾಣುತ್ತದೆ.

ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಅಕ್ಕನ ಕಡೆ ತಿರುಗಿದರು. "ಹೋಗು" ಅನ್ನುತ್ತಾರೆ ಎಂದು ನಾನು ಕಾದೆ. ಅಪ್ಪ ಮೆಲ್ಲಗೆ, "ಹೋಗ್ತೀಯಾ?" ಎಂದು ಕೇಳಿದರು.

ಅಕ್ಕ ದಾವಣಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲಿಗೆ ಹೋಗಿ ಒಂದು ಬಕೆಟ್ ನೀರು ತಂದಳು. ಒದ್ದೆ ಬಟ್ಟೆ ಹಿಡಿದು ಬಾಗಿಲನ್ನು ಒರೆಸತೊಡಗಿದಳು. ಮೇಲಿನಿಂದ ಕೆಳಕ್ಕೆ, ಒಂದೊಂದೇ ಸಾಲು. ಬೆಳ್ಳಗೆ ಹಾಲಿನಂಥ ನೀರು ಬಾಗಿಲಿನಿಂದ ಇಳಿದು ಹೊಸ್ತಿಲ ಮೇಲೆ ನಿಂತಿತು. ಅವಳು ಅದನ್ನೂ ಒರೆಸಿದಳು.

ಹೊರಗೆ ಸೈಕಲ್ ಬೆಲ್ಲು. ಕಿಟಕಿಯಲ್ಲಿ ಮೇಷ್ಟ್ರ ಕೊಡೆ ಕಾಣಿಸಿತು. "ಏನಮ್ಮ, ರೆಡೀನಾ? ಬಸ್ಸು ಇನ್ನೇನು ಬಂದ್ಬಿಡುತ್ತೆ."

"ಹುಳ ಹೋಯ್ತು ಮೇಷ್ಟ್ರೇ" ಅಂದರು ಅಪ್ಪ.

ಮೇಷ್ಟ್ರು ಕಂಬಿಯೊಳಗಿಂದ ಇಣುಕಿ ನೋಡಿ, ನಾಲಗೆಯಲ್ಲಿ ಲೊಚಗುಟ್ಟಿದರು. "ಅಯ್ಯಯ್ಯೋ... ಹುಳ ಇನ್ನೊಂದು ಬೆಳೆ ಮಾಡ್ಕೋಬಹುದು ಕಣಪ್ಪ. ಮಗೂನ ಕಳ್ಸು, ಹೊತ್ತಾಗುತ್ತೆ."

"ನೀವು ತಂದ್ಕೊಟ್ಟ ಸುಣ್ಣನೇ ನಮ್ಮನ್ನ ಮುಣುಗಿಸ್ತು. ಇನ್ನೂ ಏನ್ ಬೇಕು ಸ್ವಾಮಿ ನಿಮಗೆ?" ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನೆಲದ ಮೇಲೆ ಕುಸಿದಳು.

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಬಾಗಿಲು ಒರೆಸುತ್ತಿದ್ದ ಅಕ್ಕನನ್ನು ಕಂಡ ಮೇಲೆ ಅರ್ಥವಾಯಿತು. ಮುಖ ಸಣ್ಣಗಾಯಿತು. "ಸೀಮೆಸುಣ್ಣದಿಂದ ಹುಳ ಸಾಯಲ್ಲ ಕಣಮ್ಮ. ಶೀತ ಇದು, ಶೀತ! ಕೇಳಿಸ್ತಾ? ಬಾಮ್ಮ, ಸೈಕಲ್ ಮೇಲೆ ಕೂರಿಸ್ಕೊಂಡು ಬಸ್ಸಿಗೆ ಬಿಡ್ತೀನಿ. ಬಾ ತಾಯೀ." ಕಂಬಿ ಹಿಡಿದು ಅಲುಗಾಡಿಸಿದರು. ಹೊಸ್ತಿಲಿಗೆ ಬಂದು ಒಳಗೆ ನುಗ್ಗಿ ಅವಳ ರೆಟ್ಟೆ ಹಿಡಿದು ಎಳೆದುಕೊಂಡು ಹೋಗಬಾರದಿತ್ತೇ? ಹೋಗಲಿಲ್ಲ. ಅಷ್ಟು ದಿನ ಹೊರಗೇ ನಿಂತವರು, ಎಲ್ಲ ಸತ್ತ ಮೇಲೂ ಹೊರಗೇ ನಿಂತರು. ಅಕ್ಕ ತಿರುಗಿ ನೋಡಲಿಲ್ಲ.

ಬಸ್ಸು ಬಂದ ಸದ್ದು ಕೇಳಿಸಿತು. ನಿಂತಿತು. ಹಾರನ್ ಹೊಡೆಯಿತು. ಯಾರನ್ನೋ ಹತ್ತಿಸಿಕೊಂಡಿತು. ಹೋಯಿತು.

ಆಮೇಲೆ ಮಳೆಯಲ್ಲೇ ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿದರು. ಅಕ್ಕ, ಅಮ್ಮ, ನಾನು ತಟ್ಟೆಗಳನ್ನು ಹೊತ್ತು ತಂದು ಗುಂಡಿಗೆ ಸುರಿದೆವು. ಸುರಿಯುವಾಗ ಹುಳುಗಳು ಒಣ ಅವರೆಕಾಯಿಯ ಹಾಗೆ ಗಲಗಲ ಅನ್ನುತ್ತಿದ್ದವು. ಅಕ್ಕ ಬಟ್ಟೆಯನ್ನೂ ಬದಲಿಸಿರಲಿಲ್ಲ. ಹಸಿರು ಲಂಗದ ಅಂಚೆಲ್ಲ ಕೆಸರು, ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಡುವೆ ಒಂದು ಸಲ ನಿಂತು ನನ್ನನ್ನು ಕೇಳಿದಳು. "ಗಂಟೆ ಎಷ್ಟಾಗಿರಬಹುದೇ?" ನಾನು ಎದುರು ಮನೆಗೆ ಓಡಿ ಗಂಟೆ ಕೇಳಿ ಬಂದು, "ಹತ್ತೂವರೆಯಂತೆ" ಅಂದೆ. "ಶುರುವಾಗಿರ್ತದೆ" ಅಂದಳು. ಇನ್ನೊಂದು ತಟ್ಟೆ ಎತ್ತಿಕೊಂಡಳು.

ಮಾರನೆಯ ದಿನ ಮೇಷ್ಟ್ರು ಮತ್ತೆ ಬಂದರು. ಪರೀಕ್ಷೆ ಬರೆದ ಯಾವುದೋ ಹುಡುಗನ ಹತ್ತಿರ ಪ್ರಶ್ನೆಪತ್ರಿಕೆ ಇಸಿದುಕೊಂಡು ತಂದಿದ್ದರು. ಮನೆಯಲ್ಲಿ ಹುಳು ಇರಲಿಲ್ಲ, ಈಗ ಒಳಗೆ ಬರಬಹುದಿತ್ತು. ಅಪ್ಪ ಕರೆದರು ಕೂಡ. ಅವರು ಬರದೆ ಕಿಟಕಿಯಲ್ಲೇ ನಿಂತು ಅಕ್ಕನನ್ನು ಕರೆದು ಒಂದೊಂದೇ ವಾಕ್ಯ ಓದಿದರು. "ಇದಕ್ಕೆ ಯಾವುದು ಹಾಕ್ತಿದ್ದೆಯಮ್ಮ?" ಅಕ್ಕ ತಲೆ ಅಲ್ಲಾಡಿಸಿದಳು. "ಇದಕ್ಕೆ?" ಮತ್ತೆ ಅಲ್ಲಾಡಿಸಿದಳು.

"ಮರ್ತೋಯ್ತು ಸಾರ್."

ಮರೆತಿರಲಿಲ್ಲ. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ, ಮೇಷ್ಟ್ರು ಓದಿ ಮುಗಿಸುವ ಮೊದಲೇ ಅವಳ ತುಟಿ ಉತ್ತರಕ್ಕೆ ಸಿದ್ಧವಾಗಿ ಅದುರುವುದು ನನಗೆ ಕಾಣುತ್ತಿತ್ತು. ಹಲ್ಲು ಕಚ್ಚಿ ಒಳಗೇ ಇಟ್ಟುಕೊಂಡಳು. ಮೇಷ್ಟ್ರು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಸೈಕಲ್ ತಳ್ಳಿಕೊಂಡು ಹೋದರು. ಹತ್ತಿ ಹೋಗಬಹುದಿತ್ತು, ನಡೆದೇ ಹೋದರು. ಆಮೇಲೆ ಅವರು ನಮ್ಮ ಬೀದಿಗೆ ಬಂದದ್ದು ನನಗೆ ನೆನಪಿಲ್ಲ.

ಇನ್ನೂ ದೊಡ್ಡ ಸಂಕಟದ ಮಾತು ಮುಂದಿದೆ. ಆ ವಾರ ಕಳೆಯುವುದರೊಳಗೆ ನಮ್ಮ ಬೀದಿಯ ಹುಳುವೆಲ್ಲ ಹೋಯಿತು. ಎದುರು ಮನೆಯದು ಹೋಯಿತು, ಮೂಲೆ ಮನೆಯದು ಹೋಯಿತು, ಕೆಳಗಿನ ಬೀದಿಯಲ್ಲೂ ಗುಂಡಿ ತೋಡಿದರು. ಎದುರು ಮನೆಯಲ್ಲಿ ಓದುವ ಮಕ್ಕಳೇ ಇರಲಿಲ್ಲ. ಮೂಲೆ ಮನೆಯವರಿಗೆ ಇಂಗ್ಲಿಷು ಕಪ್ಪೋ ಬಿಳುಪೋ ಗೊತ್ತಿರಲಿಲ್ಲ. ಅಲ್ಲಿಗೆ ಎಲ್ಲರಿಗೂ ತಿಳಿಯಿತು, ಮಳೆಯಿಂದ ಬಂದ ರೋಗ ಇದು. ಅಪ್ಪನಿಗೂ ತಿಳಿಯಿತು. ಅಮ್ಮನಿಗೂ ತಿಳಿಯಿತು. ಬೀದಿಯ ಹೆಂಗಸರೊಡನೆ ಜಗಲಿಯ ಮೇಲೆ ಕೂತು "ಹಾಳಾದ್ದು ಈ ಶೀತ" ಎಂದು ಅಮ್ಮ ಅಂದದ್ದನ್ನು ನಾನೇ ನನ್ನ ಕಿವಿಯಾರೆ ಕೇಳಿದ್ದೇನೆ. ಆದರೆ ಒಬ್ಬರಾದರೂ ಅಕ್ಕನ ಹತ್ತಿರ ಬಂದು, "ನಿನ್ನಿಂದ ಆದದ್ದಲ್ಲ ಕಣೇ" ಎಂದು ಹೇಳಲಿಲ್ಲ. ಹೇಳಬೇಕು ಎಂದು ಯಾರಿಗೂ ಅನ್ನಿಸಲೇ ಇಲ್ಲ! ಅವರ ಪಾಲಿಗೆ ಅದು ಆ ಬೆಳಿಗ್ಗೆಗೇ ಮುಗಿದ ಮಾತು. ಅಮ್ಮ ಅಕ್ಕನಿಗೆ ಎಂದಿನಂತೆ ತಲೆ ಬಾಚಿದಳು, ಬಿಸಿ ಮುದ್ದೆ ಬಡಿಸಿದಳು, ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಆ ಒಂದು ಮಾತು ಮಾತ್ರ ಆಡಲಿಲ್ಲ.

ಬೇಸಗೆ ಹತ್ತಿರ ಬಂದಾಗ ಅಪ್ಪನೇ ತಾವಾಗಿ ಹೇಳಿದರು. "ಇನ್ನೊಂದ್ಸಲ ಪರೀಕ್ಷೆಗೆ ಕಟ್ಟಮ್ಮ. ಗೌರಿಬಿದನೂರಿನೋರಿಗೆ ಸ್ವಲ್ಪ ದಿನ ತಡೀರಿ ಅಂತೀನಿ."

ನನಗೆ ಕುಣಿಯುವಷ್ಟು ಖುಷಿಯಾ‌ಯಿತು. ಅಕ್ಕ ಸೊಪ್ಪು ಕತ್ತರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಬೇಡಪ್ಪ. ನಾನು ಓದೋದು ಈ ಮನೆಗೆ ಆಗಿಬರಲ್ಲ."

ಅಪ್ಪ ಇನ್ನೊಮ್ಮೆ ಹೇಳಲಿಲ್ಲ. ಆ ವರ್ಷವೇ ಅವಳ ಮದುವೆಯಾಯಿತು. ಭಾವ ಒಳ್ಳೆಯವರು, ಅವಳನ್ನು ಚೆನ್ನಾಗಿ ನೋಡಿಕೊಂಡರು, ಅದನ್ನು ಇಲ್ಲವೆನ್ನುವುದಿಲ್ಲ. ನಾನು ದೊಡ್ಡವಳಾಗಿ, ಹತ್ತನೇ ಕ್ಲಾಸು ದಾಟಿ, ಟ್ರೈನಿಂಗ್ ಮುಗಿಸಿ, ಟೀಚರ್ ಆದೆ. ಮೊದಲ ಸಂಬಳದಲ್ಲಿ ಅವಳಿಗೆ ಸೀರೆ ಕೊಂಡುಹೋಗಿ, ಮಡಿಲಿಗೆ ಹಾಕಿ, ಅಂದಿನ ಮಾತೆತ್ತಿದೆ. "ಅಕ್ಕಾ, ಅದು ಶೀತದಿಂದ ಬಂದಿದ್ದು. ನಿನ್ನಿಂದಲ್ಲ. ಊರಿಗೂರೇ ಹೋಯ್ತಲ್ಲ ಆಗ" ಅಂದೆ. ಅವಳು ನನ್ನ ಕೆನ್ನೆ ತಟ್ಟಿ ನಕ್ಕಳು. "ನಮ್ಮನೇದೇ ಅಲ್ವೇನೇ ಮೊದಲು ಹೋಗಿದ್ದು? ನಮ್ಮನೆಯಿಂದಲೇ ಎಲ್ರ ಮನೆಗೂ ಹೋಗಿರ್ತದೆ." ಇಷ್ಟು ವರ್ಷ ಅದನ್ನೂ ಸೇರಿಸಿ ಲೆಕ್ಕ ಹಾಕಿಟ್ಟುಕೊಂಡಿದ್ದಳು, ಪುಣ್ಯಾತ್ಗಿತ್ತಿ. ಮನೆಯದು ಸಾಲದೆಂದು ಇಡೀ ಊರಿನ ಹುಳುವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಳು. ನಾನು ಏನು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ತಡವಾಗಿತ್ತು ಮಕ್ಕಳೇ, ತುಂಬಾ ತಡವಾಗಿತ್ತು.

ಈಗ ನೀವು ಈ ಚಿಕ್ಕಬಳ್ಳಾಪುರದ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಅದೇ ಈಟ್, ಏಟ್, ಈಟನ್ ಮಾಡುತ್ತೀರಿ. ನಿಮ್ಮ ಟ್ಯಾಬಿನಲ್ಲಿ ತಪ್ಪು ಒತ್ತಿದರೆ ಟುಂಯ್ ಎಂದು ಒಂದು ಸದ್ದು ಬರುತ್ತದೆ. ನೀವು "ಉಫ್" ಎಂದು ಇನ್ನೊಂದು ಒತ್ತುತ್ತೀರಿ. ಸರಿಯಾದರೆ ನಕ್ಷತ್ರ ಬೀಳುತ್ತದೆ. ಇಂಗ್ಲಿಷಿನಲ್ಲೇ ಜಗಳವಾಡುತ್ತೀರಿ, ಇಂಗ್ಲಿಷಿನಲ್ಲೇ ಕನವರಿಸುತ್ತೀರಿ. ನಿಮ್ಮಮ್ಮ ಬೈದರೂ ಸಂಜೆಯೊಳಗೆ "ಸಾರಿ ಕಂದ" ಎಂದು ಬಂದು ತಬ್ಬಿಕೊಳ್ಳುತ್ತಾಳೆ. ಒಳ್ಳೆಯದೇ. ಹಾಗೇ ಇರಬೇಕು. ನಿಮ್ಮನ್ನು ನೋಡಿ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಕ್ಕನನ್ನು ನೆನೆದರೆ ನಿಮ್ಮ ಆ ನಕ್ಷತ್ರಗಳನ್ನು ನೋಡಲು ನನ್ನಿಂದ ಆಗುವುದಿಲ್ಲ.

ನಿಮ್ಮ ದೊಡ್ಡಜ್ಜಿ ಗೌರಿಬಿದನೂರಿನಿಂದ ಬಂದಾಗ ಗಮನಿಸಿದ್ದೀರಾ? ನೀವು ಆಡುವಾಗ ನಿಮ್ಮ ಜೊತೆಯಲ್ಲೇ ಇರುತ್ತಾಳೆ. ಊಟ ಮಾಡಿಸುತ್ತಾಳೆ, ಕಥೆ ಹೇಳುತ್ತಾಳೆ, ನಿಮ್ಮ ಲೆಕ್ಕದ ತಪ್ಪನ್ನು ದೂರದಿಂದಲೇ ಹಿಡಿಯುತ್ತಾಳೆ. ನೀವು ಇಂಗ್ಲಿಷ್ ಪುಸ್ತಕ ತೆಗೆದ ಕೂಡಲೇ ಎದ್ದು ಅಡುಗೆಮನೆಗೆ ಹೊರಟುಬಿಡುತ್ತಾಳೆ. ಹೋದ ಸಲ ಬಂದಾಗ, ಚಿಕ್ಕವಳೇ, ನೀನು ಅವಳ ಸೆರಗು ಹಿಡಿದು ಎಳೆದೆ. "ದೊಡ್ಡಜ್ಜಿ, ಇಲ್ಲೇ ಕೂತ್ಕೋ, ನಾನು ನಿನಗೆ ಇಂಗ್ಲಿಷ್ ಹೇಳ್ಕೊಡ್ತೀನಿ" ಅಂದೆ. ಅವಳು ಮೆಲ್ಲಗೆ ಸೆರಗು ಬಿಡಿಸಿಕೊಂಡು ಹೇಳಿದಳು. "ಬೇಡಮ್ಮ. ನಾನು ಹತ್ರ ಕೂತ್ರೆ ನಿನ್ನ ಓದು ಕೆಟ್ಟೋಗುತ್ತೆ."

ನೀನು ತಮಾಷೆ ಎಂದುಕೊಂಡು ಕಿಲಕಿಲ ನಕ್ಕೆ. ಅವಳು ತಮಾಷೆ ಮಾಡಿರಲಿಲ್ಲ, ಕಂದಾ.